ಪ್ಲೂರಾ ಗೆಡ್ಡೆ: ನೀರಿನ ಪರೀಕ್ಷೆಯೋ, ಸೂಜಿಯೋ, ಥೊರಾಕೋಸ್ಕೋಪಿಯೋ?

ಮೈಸೂರು, ಮಂಡ್ಯದ ಕಡೆ ಎದೆಯಲ್ಲಿ ನೀರು ತುಂಬಿತೆಂದರೆ ಮೊದಲು ಟಿಬಿಯನ್ನೇ ನೆನೆಯುತ್ತೇವೆ, ಅದು ತಪ್ಪಲ್ಲ. ಆದರೆ ತೆಗೆದ ನೀರು ಮತ್ತೆ ತುಂಬಿದರೆ, ಸಿಟಿ ಸ್ಕ್ಯಾನಿನಲ್ಲಿ ಪ್ಲೂರಾ (ಶ್ವಾಸಕೋಶವನ್ನು ಸುತ್ತಿರುವ ತೆಳು ಪದರ) ಗಂಟುಗಂಟಾಗಿ 1 ಸೆಂ.ಮೀ. ಮೀರಿ ದಪ್ಪಗಿದ್ದರೆ ಮೀಸೋಥೀಲಿಯೋಮಾ, ಅಂದರೆ ಈ ಪದರದ ಕ್ಯಾನ್ಸರ್, ಇರುವ ಸಾಧ್ಯತೆಯನ್ನು ಬಿಡಬಾರದು. ಇದಕ್ಕೆ ಮುಖ್ಯ ಕಾರಣ ಕಲ್ನಾರಿನ (ಆಸ್ಬೆಸ್ಟಾಸ್) ಧೂಳು; ಆ ಕೆಲಸ 30-40 ವರ್ಷ ಹಿಂದಿನದಾದರೂ ವೈದ್ಯರಿಗೆ ಹೇಳಿ.

ನೀರಿನ ಪರೀಕ್ಷೆ ಸುಲಭ, 50-60 ಮಿ.ಲೀ. ಸಾಕು. ಆದರೆ ಮೀಸೋಥೀಲಿಯೋಮಾ ಇದರಲ್ಲಿ ಸಿಕ್ಕುವುದು ಸುಮಾರು ಮೂರರಲ್ಲಿ ಒಬ್ಬರಿಗೆ ಮಾತ್ರ. 'ಕ್ಯಾನ್ಸರ್ ಕಣ ಇಲ್ಲ' ಎಂಬ ವರದಿ ನಂಬಿ ಸುಮ್ಮನಿರಬೇಡಿ.

ನೀರು ಕಡಿಮೆ, ಪದರ ದಪ್ಪ, ಶ್ವಾಸಕೋಶ ಎದೆಗೋಡೆಗೆ ಅಂಟಿದೆ ಎಂದಾದರೆ ಸಿಟಿ ನೋಡುತ್ತಾ ಸೂಜಿಯಿಂದ ಪದರದ ಚೂರು ತೆಗೆಯುವ ಬಯಾಪ್ಸಿಯೇ ಸರಿ. ಜಾಗಕ್ಕಷ್ಟೇ ಮರಗಟ್ಟಿಸುತ್ತಾರೆ. ಚೂರು ಚಿಕ್ಕದಾದರೆ ಗೆಡ್ಡೆಯ ಬಗೆ ತಿಳಿಯದೆ ಮತ್ತೆ ಚುಚ್ಚಬೇಕಾದೀತು.

ನೀರು ಸಾಕಷ್ಟಿದ್ದು, ರೋಗಿ ಮಗ್ಗುಲಾಗಿ ಮಲಗಬಲ್ಲರಾದರೆ ನಮ್ಮ ಆಯ್ಕೆ ಥೊರಾಕೋಸ್ಕೋಪಿ, ಅಂದರೆ ಎದೆಯೊಳಗೆ ಕ್ಯಾಮೆರಾ ಕೊಳವೆ ತೂರಿಸಿ ನೋಡುವುದು. ಕಣ್ಣಾರೆ ನೋಡಿ ಹಲವು ಕಡೆಯಿಂದ ಆಳದ ಚೂರು ತೆಗೆಯುವುದರಿಂದ 90%ಕ್ಕೂ ಹೆಚ್ಚು ಬಾರಿ ಉತ್ತರ ಸಿಗುತ್ತದೆ, ನೀರೂ ಖಾಲಿಯಾಗುತ್ತದೆ. ದಾಖಲಾಗಬೇಕು, ಕೆಲವು ದಿನ ಎದೆಗೆ ನಳಿಕೆ ಇರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಿ.

ಎಡವಟ್ಟಾಗುವುದು ಮಾದರಿ ಕಳಿಸುವಾಗ. ಎಲ್ಲವನ್ನೂ ಫಾರ್ಮಲಿನ್‌ಗೆ (ಚೂರು ಕೆಡದಂತಿಡುವ ದ್ರವ) ಹಾಕಿದರೆ ರೋಗಾಣು ಸತ್ತು ಟಿಬಿ ಕಲ್ಚರ್ ಬೆಳೆಯದು. ಒಂದು ಚೂರು ಸಲೈನ್‌ನಲ್ಲೂ (ಉಪ್ಪುನೀರಿನ ದ್ರಾವಣ) ಇರಲಿ. ಲ್ಯಾಬಿನಲ್ಲಿ ಮೀಸೋಥೀಲಿಯೋಮಾ ಗುರುತಿಸಲು ನೆರವಾಗುವ ಕ್ಯಾಲ್‌ರೆಟಿನಿನ್, ಡಬ್ಲ್ಯುಟಿ1 ಜೊತೆಗೆ ಬಿಎಪಿ1 ಬಣ್ಣಪರೀಕ್ಷೆಯನ್ನೂ ಕೇಳಿ. ಒಂಟಿ ನಾರುಗೆಡ್ಡೆಯ (ಪ್ಲೂರಾದಲ್ಲಿ ಬೆಳೆಯುವ ಇನ್ನೊಂದು ಬಗೆಯ ಗೆಡ್ಡೆ) ಅನುಮಾನವಿದ್ದರೆ ಸ್ಟ್ಯಾಟ್6 ಬಣ್ಣಪರೀಕ್ಷೆ ಕೇಳಿ. ಎರಡನೇ ಅಭಿಪ್ರಾಯಕ್ಕೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವವರು ವರದಿಯ ಜೊತೆ ಮೇಣದ ಬ್ಲಾಕನ್ನೂ (ಬಯಾಪ್ಸಿ ಚೂರನ್ನು ಹುದುಗಿಸಿಟ್ಟ ಮೇಣದ ತುಂಡು) ಒಯ್ಯಿರಿ.