ಬಾಣದ ಗುರಿಗೆ ರಾಗಿ ಹುಲ್ಲು, ರಟ್ಟು, ಗೋಣಿಚೀಲ: ಮೂರನ್ನೂ ಕಟ್ಟಿ ನೋಡಿದೆ

ಮಗಳು ಆರ್ಚರಿ ಕಲಿಯುತ್ತಿದ್ದಾಳೆ. ತುಮಕೂರಿನ ಕ್ಯಾತಸಂದ್ರದ ಕಡೆ ನಮ್ಮ ಮನೆ. ಹಿತ್ತಿಲಲ್ಲಿ 15 ಮೀಟರ್ ಜಾಗ, ಕೊನೆಯಲ್ಲಿ ಆಳೆತ್ತರದ ಮಣ್ಣಿನ ದಿಬ್ಬ. ಗುರಿ ಮಾತ್ರ ನಾವೇ ಮಾಡಿಕೊಳ್ಳಬೇಕಿತ್ತು.

ಮೊದಲು ರಾಗಿ ಹುಲ್ಲು. ಹುಲ್ಲನ್ನು ಹುರಿಮಾಡಿ ಚಕ್ಕುಲಿಯಂತೆ ಸುತ್ತಿ ಹೊಲಿದ ಗುರಿಗಳು ಹಿಂದಿನಿಂದಲೂ ಇವೆ. ನನಗೆ ಅಷ್ಟು ತಾಳ್ಮೆ ಎಲ್ಲಿ? ಸುಮ್ನೆ ಕಂತೆ ಬಿಗಿದೆ. ಮೂರೇ ದಿನಕ್ಕೆ ನಡು ಸಡಿಲವಾಗಿ ಬಾಣಗಳು ತೂರಿ ದಿಬ್ಬ ಸೇರಿದವು. ಉಳಿದದ್ದನ್ನು ಪಕ್ಕದ ಮನೆ ಹಸು ಎಳೆದು ತಿಂದಿತು. "ದನದ ಬಾಯಿಗೆ ಹೋಗೋದನ್ನ ಬಾಣಕ್ಕೆ ಕಟ್ಟಿದ್ರೆ ಇನ್ನೇನಾಗುತ್ತೆ" ಅಂದರು ಅಮ್ಮ. ಥರ್ಮೋಕೋಲ್ ಅಂತೂ ಒಂದೇ ಸಂಜೆಗೆ ಪುಡಿ.

ಆಮೇಲೆ ಫ್ರಿಜ್ ಬಂದ ರಟ್ಟಿನ ಪೆಟ್ಟಿಗೆಗಳು. ರಟ್ಟನ್ನು 30 ಸೆಂ.ಮೀ. ಅಗಲದ ಪಟ್ಟಿಗಳಾಗಿ ಕತ್ತರಿಸಿ, ಒಂದರ ಮೇಲೊಂದು ಪೇರಿಸಿ, ಮೇಲೂ ಕೆಳಗೂ ಹಲಗೆಯಿಟ್ಟು ಲಾರಿ ಲೋಡಿನ ಬೆಲ್ಟಿನಿಂದ ಬಿಗಿದೆ. ರಟ್ಟಿನ ಅಂಚು ನಮ್ಮ ಕಡೆ ಇರಬೇಕು, ಆಗ ಬಾಣ ಪದರಗಳ ನಡುವೆ ನುಗ್ಗಿ ನಿಲ್ಲುತ್ತದೆ. ಒಲಿಂಪಿಕ್ಸ್‌ನಲ್ಲಿ 70 ಮೀಟರ್‌ಗೆ 122 ಸೆಂ.ಮೀ. ಗುರಿ. ಆ ಲೆಕ್ಕದಲ್ಲಿ ನಮ್ಮ ದೂರಕ್ಕೆ 26 ಸೆಂ.ಮೀ. ಕಾಗದದ ವೃತ್ತ ಸಾಕು. ಏಟು ಎಲ್ಲಿ ಬಿತ್ತು ಅನ್ನುವುದು ರಟ್ಟಿನಲ್ಲಿ ಸ್ಪಷ್ಟ.

ಕಷ್ಟ ಇರುವುದು ಕೀಳುವುದರಲ್ಲಿ. ಬೆಲ್ಟ್ ಬಿಗಿದಷ್ಟೂ ಬಾಣ ಕಚ್ಚಿಕೊಳ್ಳುತ್ತದೆ. ಮಗಳು ಗರಿಯ ಕಡೆ ಹಿಡಿದು ಜಗ್ಗಿದಳು, ಕಾರ್ಬನ್ ಬಾಣ ಸೀಳಿತು. ಸೀಳಿದ್ದನ್ನು ಮತ್ತೆ ಹೂಡಬಾರದು, ಬಿಡುವಾಗ ಮುರಿದು ಕೈಗೆ ಚುಚ್ಚುತ್ತದೆ. ಈಗ ಒಂದು ಅಂಗೈಯನ್ನು ರಟ್ಟಿಗೆ ಒತ್ತಿ, ಇನ್ನೊಂದರಲ್ಲಿ ಬಾಣವನ್ನು ರಟ್ಟಿನ ಹತ್ತಿರವೇ ಹಿಡಿದು ನೆಟ್ಟಗೆ ಎಳೆಯುತ್ತೇವೆ. ಕೈ ಜಾರದಿರಲು ಸೈಕಲ್ ಟ್ಯೂಬಿನ ತುಂಡು. ತಿರುಗಿಸಲೇಬೇಕಾದರೆ ಸ್ಕ್ರೂ ಬಿಗಿಯುವ ದಿಕ್ಕಿಗೇ, ಇಲ್ಲದಿದ್ದರೆ ತಿರುಪಿನ ಮೊನೆ ಒಳಗೇ ಉಳಿಯುತ್ತದೆ. ಎಳೆಯುವವರ ಹಿಂದೆ ಯಾರೂ ನಿಂತಿರಬಾರದು, ಬಾಣ ಥಟ್ಟನೆ ಬಂದರೆ ಹಿಂತುದಿ ಕಣ್ಣಿಗೇ. ಒಂದು ಬಾಣ ಹಲಗೆಗೆ ನೆಟ್ಟಿತ್ತು. ಅದನ್ನು ಎಳೆಯಲು ಹೋಗಲಿಲ್ಲ, ಉಳಿಯಿಂದ ಹಲಗೆಯನ್ನೇ ಸೀಳಿ ಬಿಡಿಸಿದೆ.

ಕೊನೆಗೆ ಮಂಡಿಪೇಟೆಯಿಂದ ತಂದ ಗೋಣಿಚೀಲ. ಹಳೆ ಪಂಚೆ, ಸೀರೆ, ಬನಿಯನ್ನು ಎಲ್ಲ ತುಳಿದು ತುಳಿದು ತುಂಬಿದೆ. ಗುಂಡಿ, ಜಿಪ್ಪು ಮೊದಲೇ ಕತ್ತರಿಸಬೇಕು, ಬಾಣ ಅದಕ್ಕೆ ತಾಗಿದರೆ ಹಾಳು. ಹುಣಸೆ ಕೊಂಬೆಗೆ ತೂಗುಹಾಕಿದ್ದೇವೆ. ಏಟಿಗೆ ಚೀಲ ಓಲಾಡುತ್ತದೆ, ಬಾಣವನ್ನು ಎರಡೇ ಬೆರಳಲ್ಲಿ ಕೀಳಬಹುದು. ಹತ್ತು ವರ್ಷದ ಹುಡುಗಿಗೆ ಅದೇ ಮುಖ್ಯ ಅಲ್ವಾ? ದಿನಕ್ಕೆ ಅರವತ್ತು ಸಲ ಕೀಳಬೇಕು. ಬಟ್ಟೆ ಕೆಳಗೆ ಕುಸಿದು ಮೇಲೆ ಪೊಳ್ಳಾಗುತ್ತದೆ, ತಿಂಗಳಿಗೊಮ್ಮೆ ಬಿಚ್ಚಿ ತುಂಬುವ ಕೆಲಸ ಜಾಸ್ತಿ. ನೆನೆದರೆ ಎತ್ತಲೂ ಆಗದು.

ಹಾಗಾಗಿ ದಿನವೂ ಚೀಲ, ಭಾನುವಾರ ಅಂಕ ಲೆಕ್ಕ ಹಾಕಲು ರಟ್ಟು. ಮಳೆಗೆ ಮುಂಚೆ ಚೀಲಕ್ಕೊಂದು ಟಾರ್ಪಾಲು ಹುಡುಕಬೇಕು.