ತೊಡೆಸಂದು ಹಿಡಿದುಕೊಂಡಾಗ ಚಿಟ್ಟೆ ಆಸನಕ್ಕೆ ಕೂರಬೇಡಿ

ಜನವರಿಯಲ್ಲಿ ಶಟಲ್ ಆಡುವಾಗ ನೆಟ್ ಹತ್ತಿರ ಬಿದ್ದ ಡ್ರಾಪ್ ಎತ್ತಲು ಬಲಗಾಲು ಚಾಚಿದೆ. ಅಲ್ಲಿ ಯಾರದೋ ಬೆವರು ಬಿದ್ದಿತ್ತು, ಕಾಲು ಪಕ್ಕಕ್ಕೆ ಜಾರಿತು. ತೊಡೆಸಂದಿನಲ್ಲಿ ಬಟ್ಟೆ ಹರಿದ ಹಾಗೆ ‘ಚರ್’ ಎಂದಿತು. ನೋವು ತಡೆದುಕೊಳ್ಳುವಂತಿದ್ದುದರಿಂದ ಆಟ ಮುಗಿಸಿಯೇ ಹೊರಟೆ. 46 ದಾಟಿದವನಿಗೆ ಆ ಗೇಮ್ ಗೆದ್ದು ಆಗಬೇಕಾದದ್ದು ಏನೂ ಇರಲಿಲ್ಲ.

ಮನೆಯಲ್ಲಿ ಎಲ್ಲರೂ ಉಳುಕು ಎಂದೇ ತೀರ್ಮಾನಿಸಿದರು. ಬಿಸಿನೀರಿನ ಶಾಖವಾಯಿತು, ಉಳುಕು ತೆಗೆಯುವವರಲ್ಲಿ ಹೋಗಿ ಎಣ್ಣೆ ಹಾಕಿಸಿ ನೀವಿಸಿಕೊಂಡದ್ದೂ ಆಯಿತು. ಮೂರನೆಯ ದಿನ ಯೋಗ ತರಗತಿಯ ಶಿಕ್ಷಕರು, “ಬಿಗಿದುಕೊಂಡಿದೆ ಸರ್, ಬಿಡಿಸಿಬಿಡೋಣ” ಎಂದು ಬದ್ಧಕೋನಾಸನದಲ್ಲಿ ಕೂರಿಸಿದರು. ಅಂಗಾಲುಗಳನ್ನು ಜೋಡಿಸಿ ಕೂರುವ ಚಿಟ್ಟೆ ಆಸನ ಅದೇ. ನನ್ನ ಎರಡೂ ಮಂಡಿಗಳ ಮೇಲೆ ಕೈಯಿಟ್ಟು ನೆಲದ ಕಡೆಗೆ ಒತ್ತಿದರು. ಬೇಡ ಎನ್ನಬೇಕಿತ್ತು. ನೋಯುತ್ತಿದೆಯೆಂದರೆ ವಾಸಿಯಾಗುತ್ತಿದೆ ಎಂದುಕೊಂಡು ಹಲ್ಲು ಕಚ್ಚಿ ಕುಳಿತೆ. ಎರಡನೆಯ ‘ಚರ್’ ಕೇಳಿಸಿದ್ದು ಆಗ.

ಮರುದಿನ ಒಳತೊಡೆ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ವಾರದೊಳಗೆ ಆ ಬಣ್ಣ ಮಂಡಿಯವರೆಗೆ ಇಳಿಯಿತು. (ಪೆಟ್ಟೇ ಹರಡುತ್ತಿದೆಯೆಂದು ಹೆದರಿದ್ದೆ. ಒಳಗೆ ಸೋರಿದ ರಕ್ತ ಕೆಳಗಿಳಿಯುವುದಷ್ಟೇ ಅದು.) ಬೈಕ್ ಮೇಲೆ ಕಾಲು ದಾಟಿಸಲು ಆಗುತ್ತಿರಲಿಲ್ಲ. ಕಾರಿನಿಂದ ಇಳಿಯುವಾಗ ಪ್ಯಾಂಟ್ ಹಿಡಿದು ಕಾಲನ್ನು ಎತ್ತಿ ಹೊರಗಿಡಬೇಕಿತ್ತು.

ಕೊನೆಗೆ ಮೂಳೆ ವೈದ್ಯರಲ್ಲಿ ಹೋದೆ. ಅವರು ಅಂಗಾತ ಮಲಗಿಸಿ, ಮಂಡಿಗಳ ನಡುವೆ ತಮ್ಮ ಮುಷ್ಟಿಯಿಟ್ಟು “ಒತ್ತಿ” ಎಂದರು. ನನ್ನಿಂದ ಆಗಲಿಲ್ಲ. ತೊಡೆಯನ್ನು ದೇಹದ ನಡುಗೆರೆಯ ಕಡೆಗೆ ಸೆಳೆಯುವ ಅಡಕ್ಟರ್ ಸ್ನಾಯುಗಳು ಐದು. ಹೆಚ್ಚಿನವು ಕಿಬ್ಬೊಟ್ಟೆಯ ಕೆಳಗಿನ ಪ್ಯೂಬಿಕ್ ಮೂಳೆಯಿಂದ ಹೊರಟು ತೊಡೆಮೂಳೆಯ ಹಿಂಬದಿಗೆ ಅಂಟಿಕೊಳ್ಳುತ್ತವೆ. ಗ್ರಾಸಿಲಿಸ್ ಒಂದು ಮಾತ್ರ ಮಂಡಿ ದಾಟಿ ಕೆಳಗಿಳಿಯುತ್ತದೆ. ನನ್ನಲ್ಲಿ ಹರಿದಿದ್ದು ಅಡಕ್ಟರ್ ಲಾಂಗಸ್. ಆಟಗಾರರಲ್ಲಿ ಹೆಚ್ಚಾಗಿ ಪೆಟ್ಟು ತಿನ್ನುವುದೂ ಅದೇ. ಕಾಲು ಹೊರಕ್ಕೆ ಜಾರುವಾಗ ತಡೆಯಲು ಬಿಗಿಯುವುದು ಈ ಸ್ನಾಯುಗಳೇ. ಬಿಗಿದಿರುವಾಗಲೇ ಜಗ್ಗಿದರೆ ನಾರು ಕಿತ್ತುಹೋಗುತ್ತದೆ. ಚಿಟ್ಟೆ ಆಸನವೂ ಇವನ್ನೇ ಜಗ್ಗುತ್ತದೆ. ಹರಿದ ಅಂಗಿಯನ್ನು ಎರಡೂ ಕಡೆಯಿಂದ ಹಿಡಿದೆಳೆದ ಹಾಗಾಯಿತು ನನ್ನ ಯೋಗಾಭ್ಯಾಸ. ಹೊಸ ಪೆಟ್ಟಿನ ಮೇಲೆ ಶಾಖ ಮತ್ತು ನೀವುವಿಕೆಯಿಂದ ರಕ್ತಸ್ರಾವ ಹೆಚ್ಚಬಹುದು ಎಂದೂ ಗದರಿಸಿಕೊಂಡೆ.

ಇನ್ನೊಂದು ಎಡವಟ್ಟು: ಮೊಬೈಲಿನಲ್ಲಿ ಹುಡುಕಿ ವಾರವಿಡೀ ಮಾಡಿದ್ದು ಅಬ್ಡಕ್ಟರ್ ವ್ಯಾಯಾಮ. ಅವು ಕಾಲನ್ನು ಹೊರಕ್ಕೆ ಒಯ್ಯುವ, ಪೃಷ್ಠದ ಪಕ್ಕದ ಸ್ನಾಯುಗಳು! ಒಂದಕ್ಷರ ತಪ್ಪಿದರೆ ಕೆಲಸವೇ ತಿರುಗುಮುರುಗು. ಗೊಂದಲವಾಗದಿರಲೆಂದು ಫಿಸಿಯೋಥೆರಪಿಸ್ಟ್ “ಎ-ಡಿ-ಡಕ್ಟರ್” ಎಂದು ಬಿಡಿಸಿ ಹೇಳಿದಾಗಲೇ ನನಗೆ ತಿಳಿದದ್ದು.

ಅವರು ಮೊದಲು ಕೊಟ್ಟದ್ದು ಜಗ್ಗುವ ವ್ಯಾಯಾಮವನ್ನಲ್ಲ. ಮಂಡಿಗಳ ನಡುವೆ ಮೆತ್ತನೆಯ ಚೆಂಡಿಟ್ಟು, ನೋಯದಷ್ಟೇ ಒತ್ತಿ ಬಿಡುವುದು. ಬಲ ಮರಳಿದ ಮೇಲೆ ಪಕ್ಕಕ್ಕೆ ಹೆಜ್ಜೆ, ಆಮೇಲೆ ಓಟ. ಕೋರ್ಟಿಗೆ ಕಾಲಿಡಲು ಏಪ್ರಿಲ್ ಆಯಿತು.

ನಿಮಗೆ ಹೀಗಾದರೆ ಆಟ ಅಲ್ಲೇ ನಿಲ್ಲಿಸಿ, ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ, ನಿಮ್ಮ ಮಂಡಿಯನ್ನು ಯಾರಿಗೂ ಒತ್ತಲು ಕೊಡಬೇಡಿ. ತೊಡೆಸಂದಿನ ನೋವೆಲ್ಲ ಸ್ನಾಯುವಿನದೂ ಅಲ್ಲ. ಕೆಮ್ಮಿದಾಗ ಅಲ್ಲಿ ಉಬ್ಬಿದರೆ ಹರ್ನಿಯಾ ಇರಬಹುದು. ವೃಷಣದಲ್ಲಿ ಇದ್ದಕ್ಕಿದ್ದಂತೆ ತೀವ್ರ ನೋವು ಬಂದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.