ಬೇಲೂರಿನ ಫೋಟೊಗೆ ಯಾವ ಹ್ಯಾಶ್‌ಟ್ಯಾಗ್: ಕನ್ನಡ ಲಿಪಿಯೋ, ಇಂಗ್ಲಿಷ್ ಲಿಪಿಯೋ?

ಬೇಲೂರು, ಹಳೇಬೀಡು, ಸೋಮನಾಥಪುರದ ದೇಗುಲಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋದ ವಿಶ್ವಪರಂಪರೆ ಪಟ್ಟಿಗೆ ಸೇರಿದವು. ಅಲ್ಲಿನ ಫೋಟೊ ಹಾಕುವವರಿಗಂತೂ ಮೊದಲೂ ಬರವಿರಲಿಲ್ಲ. ಫೋಟೊ ಚೆನ್ನಾಗಿಯೇ ಇರುತ್ತದೆ. ಕೆಳಗಿನ ಟ್ಯಾಗುಗಳ ಗೊಂಚಲು ಮಾತ್ರ ಎಲ್ಲಿಂದಲೋ ನಕಲು ಮಾಡಿ ಅಂಟಿಸಿದ್ದು. ಇದೇ ದೇಗುಲಗಳ ಪೋಸ್ಟುಗಳನ್ನು ಪೂರ್ತಿ ಇಂಗ್ಲಿಷ್ ಅಕ್ಷರದ ಟ್ಯಾಗ್, ಪೂರ್ತಿ ಕನ್ನಡ ಲಿಪಿಯ ಟ್ಯಾಗ್, ಎರಡರ ಬೆರಕೆ ಹೀಗೆ ಮೂರು ಬಗೆಯಲ್ಲಿ ಹಾಕಿ ನೋಡಿದಾಗ ಕಂಡದ್ದು ಇಲ್ಲಿದೆ.

ಇಂಗ್ಲಿಷ್ ಅಕ್ಷರದಲ್ಲಿ ಬೇಲೂರು ಬರೆಯುವಾಗ ಕೊನೆಯ 'ಯು' ಬಿಡುವುದೇ ರೂಢಿ. ಆ ಟ್ಯಾಗ್ ಒತ್ತಿದರೆ ಚನ್ನಕೇಶವನ ಪಕ್ಕದಲ್ಲೇ ಪಶ್ಚಿಮ ಬಂಗಾಳದ ಹೌರಾದ ಬೇಲೂರು ಮಠವೂ ಹೂಗ್ಲಿ ನದಿಯ ಸೂರ್ಯಾಸ್ತವೂ ಬಂದು ಕೂರುತ್ತವೆ. ಹಾಸನದ ಪಾಡು ಇನ್ನೂ ಕಷ್ಟ. ಎರಡು 'ಎಸ್' ಹಾಕಿ ಬರೆದ ಕೂಡಲೇ ಅದು ಊರಾಗಿ ಉಳಿಯುವುದಿಲ್ಲ. ಮೊರಾಕ್ಕೊದಿಂದ ಪಾಕಿಸ್ತಾನದವರೆಗೆ ಆ ಹೆಸರಿನವರ ಸೆಲ್ಫಿ, ಮದುವೆ, ಕ್ರಿಕೆಟ್ ಎಲ್ಲ ಅದೇ ಬುಟ್ಟಿಯಲ್ಲಿ. ಹಳೇಬೀಡಿಗೆ ಕೊನೆಯಲ್ಲಿ 'ಯು' ಇರುವುದು, ಇಲ್ಲದ್ದು, ನಡುವೆ 'ಇ' ಎರಡು ಸಲ ಬರುವುದು ಎಂದು ಮೂರು ಕಾಗುಣಿತ ಚಾಲ್ತಿಯಲ್ಲಿವೆ. ಮೂರೂ ಬೇರೆ ಬೇರೆ ಟ್ಯಾಗ್, ಒಂದರಲ್ಲಿರುವುದು ಇನ್ನೊಂದರಲ್ಲಿ ಸಿಗುವುದಿಲ್ಲ. ಮೈಸೂರಿನ ಇಂಗ್ಲಿಷ್ ಹೆಸರು 2014ರ ನವೆಂಬರ್ 1ರಂದು ಬದಲಾದರೂ ಹಳೆಯ ಕಾಗುಣಿತದಲ್ಲಿ ಹುಡುಕುವವರು ಇದ್ದೇ ಇದ್ದಾರೆ. ಇಷ್ಟೆಲ್ಲ ಇದ್ದರೂ ಹೊರರಾಜ್ಯದವರನ್ನೂ ವಿದೇಶಿಯರನ್ನೂ ಮುಟ್ಟಬೇಕಾದರೆ ಬೇರೆ ದಾರಿಯಿಲ್ಲ. ಇನ್ನೊಂದು ಅನುಕೂಲವೂ ಉಂಟು: ಪ್ರತಿ ಪದದ ಮೊದಲಕ್ಷರ ದೊಡ್ಡದಾಗಿ ಬರೆದರೂ ಟ್ಯಾಗ್ ಬದಲಾಗುವುದಿಲ್ಲ, ದೃಷ್ಟಿಹೀನರ ಸ್ಕ್ರೀನ್ ರೀಡರ್ ಪದಗಳನ್ನು ಬಿಡಿಸಿ ಓದುತ್ತದೆ.

ಕನ್ನಡ ಲಿಪಿಗೆ ಬಂದರೆ #ಹಾಸನ ಹಾಸನವೇ, #ಬೇಲೂರು ಬೇಲೂರೇ. ನೋಡುವವರ ಸಂಖ್ಯೆ ಕಡಿಮೆ, ಆದರೆ ಬಂದವರು ದಾರಿ ತಪ್ಪಿ ಬಂದವರಲ್ಲ. ಹಾಗೆಂದು ಗೊಂದಲ ಪೂರ್ತಿ ತಪ್ಪುತ್ತದೆ ಎನ್ನಲಾಗದು: #ಹೊಯ್ಸಳ ಒತ್ತಿದರೆ ಶಿಲ್ಪದ ಜೊತೆ ಬೆಂಗಳೂರು ಪೊಲೀಸರ ಗಸ್ತು ವಾಹನವೂ ಸಿಕ್ಕೀತು. ಎಕ್ಸ್‌ನ 280 ಅಕ್ಷರಗಳ ಮಿತಿಯಲ್ಲಿ ಕನ್ನಡ ದುಬಾರಿ ಎಂಬ ನಂಬಿಕೆಯೊಂದಿದೆ, ಅದು ತಪ್ಪು. ಅಲ್ಲಿ ಸ್ವರಚಿಹ್ನೆಯೂ ಅರ್ಧಾಕ್ಷರದ ಗುರುತೂ ಒಂದೊಂದು ಎಂದು ಎಣಿಸಿದರೂ 'ಚನ್ನಕೇಶವ' 8, ಇಂಗ್ಲಿಷ್ ಅಕ್ಷರದಲ್ಲಿ 13.

ತೊಂದರೆ ಬರುವುದು ವಿಭಕ್ತಿಯಿಂದ. ವಾಕ್ಯದ ನಡುವೆ "#ಬೇಲೂರಿನಲ್ಲಿ ಮಳೆ" ಎಂದು ಬರೆದರೆ ಓದಲು ಸೊಗಸು, ಆದರೆ ಟ್ಯಾಗ್ ಆಗುವುದು 'ಬೇಲೂರಿನಲ್ಲಿ' ಎಂಬ ಇಡೀ ಪದ. #ಬೇಲೂರು ಹುಡುಕಿದವರಿಗೆ ಅದು ಕಾಣದು. ನಡುವೆ ಹೈಫನ್ ಹಾಕಿ "#ಬೇಲೂರು-ನಲ್ಲಿ" ಎಂದರೆ ಟ್ಯಾಗ್ ಹೈಫನ್ನಿಗೆ ನಿಲ್ಲುತ್ತದೆ ನಿಜ, ಆದರೆ ಕನ್ನಡ ಕೆಡುತ್ತದೆ. ವಾಕ್ಯವನ್ನು ವಾಕ್ಯವಾಗಿ ಬರೆದು, ಪ್ರಥಮಾ ವಿಭಕ್ತಿಯ ಟ್ಯಾಗುಗಳನ್ನು ಕೊನೆಯ ಸಾಲಿಗೆ ಇಡುವುದೇ ಲೇಸು.

ಇದಕ್ಕಿಂತ ಕಾಡುವುದು ಕಣ್ಣಿಗೆ ಕಾಣದ ಒಂದು ಅಕ್ಷರ. 'ಹೆರಿಟೇಜ್‌ವಾಕ್' ಎಂದು ಜ್ ಮತ್ತು ವಾ ಬಿಡಿಬಿಡಿಯಾಗಿ ಕಾಣಬೇಕಾದರೆ ನಡುವೆ ಶೂನ್ಯ ಅಗಲದ ಬೇರ್ಪಡಿಕೆ ಚಿಹ್ನೆ ಕೂತಿರುತ್ತದೆ. ಅದಿಲ್ಲದಿದ್ದರೆ 'ಹೆರಿಟೇಜ್ವಾಕ್' ಎಂದು ಒತ್ತಕ್ಷರವಾಗುತ್ತದೆ. ಇವೆರಡೂ ಒಂದೇ ಟ್ಯಾಗ್ ಎಂದು ಎಲ್ಲ ಆ್ಯಪ್‌ಗಳೂ ಒಪ್ಪುವುದಿಲ್ಲ. ಕೆಲವು ಆ ಚಿಹ್ನೆ ಬಂದಲ್ಲಿಗೇ ಟ್ಯಾಗ್ ಕತ್ತರಿಸಿ ಬಿಸಾಡುತ್ತವೆ. ಹಾಗಾಗಿ ಅರ್ಧಾಕ್ಷರದಲ್ಲಿ ಮುಗಿಯುವ ಪದವನ್ನು ಇನ್ನೊಂದಕ್ಕೆ ಅಂಟಿಸಲೇಬೇಡಿ. ಅಂಟಿಸಲೇಬೇಕಾದರೆ ಅಡಿಗೆರೆ ಹಾಕಿ, #ಹೆರಿಟೇಜ್_ವಾಕ್. ಪೋಸ್ಟ್ ಮಾಡಿದ ಮೇಲೆ ಪ್ರತಿ ಟ್ಯಾಗನ್ನೂ ಒಮ್ಮೆ ಒತ್ತಿ, ಬಣ್ಣ ಎಲ್ಲಿಯವರೆಗೆ ಬಂದಿದೆ ನೋಡಿ. ಹಳೇಬೀಡು, ಹಳೆಬೀಡು, ಚನ್ನಕೇಶವ, ಚೆನ್ನಕೇಶವ. ಇಂಥ ಜೋಡಿಗಳಲ್ಲಿ ಹೆಚ್ಚು ಪೋಸ್ಟುಗಳಿರುವುದನ್ನು ಆರಿಸಿ, ಮುಂದೆಯೂ ಅದನ್ನೇ ಬಳಸಿ.

ಮೂರರಲ್ಲಿ ನಮ್ಮ ಮತ ಬೆರಕೆಗೆ, ಅದೂ ಕನ್ನಡದ ಕಡೆ ವಾಲಿದ ಬೆರಕೆಗೆ: ಊರು, ದೇಗುಲ, ವಿಷಯಕ್ಕೆ ಕನ್ನಡದಲ್ಲಿ ಒಂದೊಂದು, ಹೊರಗಿನವರಿಗಾಗಿ ಇಂಗ್ಲಿಷಿನಲ್ಲಿ ಒಂದು. ಆ ಒಂದು ಬರಿಯ ಬೇಲೂರು ಆಗದಿರಲಿ. ಬೇಲೂರು ಮತ್ತು ದೇಗುಲ ಎಂಬ ಇಂಗ್ಲಿಷ್ ಪದ ಸೇರಿಸಿದರೆ ಹೌರಾ ದೂರವಾಗುತ್ತದೆ. ಇನ್‌ಸ್ಟಾಗ್ರಾಂನಲ್ಲಿ 30 ಟ್ಯಾಗ್ ತುಂಬಿಸುವ ಕಾಲ ಹೋಯಿತು. ಆ ಕಂಪನಿಯ ಕ್ರಿಯೇಟರ್ಸ್ ಖಾತೆಯೇ 2021ರಲ್ಲಿ 3ರಿಂದ 5 ಸಾಕು ಎಂದಿತ್ತು. ಯೂಟ್ಯೂಬ್‌ನಲ್ಲಿ ಲೆಕ್ಕ ಮುಖ್ಯ: ವಿವರಣೆಯಲ್ಲಿ ಬರೆದ ಟ್ಯಾಗುಗಳಲ್ಲಿ ಶೀರ್ಷಿಕೆಯ ಬಳಿ ಕಾಣುವುದು ಹೆಚ್ಚೆಂದರೆ ಮೂರು, 60 ದಾಟಿದರೆ ಎಲ್ಲವನ್ನೂ ಕಡೆಗಣಿಸುತ್ತಾರೆ.

ಯಾವ ಲಿಪಿಯಾದರೂ ಸರಿ, ಗೊಂಚಲನ್ನು ನೋಟ್ಸ್‌ನಲ್ಲಿ ಇಟ್ಟುಕೊಂಡು ಎಲ್ಲಕ್ಕೂ ಅಂಟಿಸುವ ಅಭ್ಯಾಸ ಬಿಡಿ. ಸೋಮನಾಥಪುರದ ಕೇಶವ ದೇಗುಲದ ಫೋಟೊ ಕೆಳಗೆ #ಹಾಸನ ಕಾಣಿಸಿಕೊಳ್ಳುವುದು ಹೀಗೆಯೇ. ಅದು ಇರುವುದು ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನಲ್ಲಿ.